ಏರಿಯಾ ಕ್ಲಬ್ಬಾ, ದೊಡ್ಡ ಅಕಾಡೆಮಿಯಾ? ಮೊದಲು ಆ ವರ್ಷದ ಫೀ ಕಟ್ಟಬೇಡಿ

ಹತ್ತು ವರ್ಷದ ಮಗನನ್ನು ಮನೆ ಹತ್ತಿರದ ಫುಟ್‌ಬಾಲ್ ಕ್ಲಬ್‌ಗೆ ಸೇರಿಸಲಾ, ದೂರದ ಅಕಾಡೆಮಿಗಾ, ಅಕಾಡೆಮಿಯಲ್ಲಿ ವರ್ಷದ ಫೀ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಇದೆ ಅಂತ ಕೇಳಿದ್ದೀರಿ. ಆ ಡಿಸ್ಕೌಂಟ್ ಅನ್ನೋದನ್ನು ನೋಡಿಯೇ ನಾನು ಉತ್ತರ ಬರೆಯಲು ಕೂತೆ.

2023ರ ಮಾರ್ಚ್. ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿ, ಗೆದ್ದಿತು, 54 ವರ್ಷ ಆದ ಮೇಲೆ. ಸ್ಕೂಲು ಬಿಟ್ಟ ಮೇಲೆ ಚೆಂಡು ಮುಟ್ಟದ ನನಗೂ ಅದು ತಲೆಗೇರಿತು. ನನ್ನ ಮಗನಿಗೆ ಆಗ ಒಂಬತ್ತು. ಗಲ್ಲಿಯಲ್ಲಿ ಚೆಂಡು ಒದ್ದು ಎದುರು ಮನೆ ಆಂಟಿ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ. ಇವನನ್ನು ಸರಿಯಾದ ಕಡೆ ಸೇರಿಸಿಬಿಡಬೇಕು ಅಂದುಕೊಂಡೆ.

ನಮ್ಮ ಮನೆ ಹಲಸೂರಿನಲ್ಲಿ. ಹತ್ತು ನಿಮಿಷ ನಡೆದರೆ ಗೌತಮಪುರ. ಬೆಂಗಳೂರಿನ ಮಿನಿ ಬ್ರೆಜಿಲ್ ಅಂತಾರಲ್ಲ, ಪೆಲೆಯ ಪ್ರತಿಮೆ ನಿಲ್ಲಿಸಿರೋ ಜಾಗ, ಅದೇ. ಅಲ್ಲಿನ ಮಕ್ಕಳು ನಡೆಯೋಕೆ ಮುಂಚೆ ಒದೆಯೋದು ಕಲೀತಾರೆ. ಅಂಥ ಜಾಗ ಪಕ್ಕದಲ್ಲೇ ಇಟ್ಟುಕೊಂಡು ನಾನು ಹೋಗಿದ್ದು ವೈಟ್‌ಫೀಲ್ಡ್ ಕಡೆಯ ಒಂದು ಅಕಾಡೆಮಿಗೆ. ಯಾಕೆ ಅಂದರೆ ಅಲ್ಲಿ ಹಸಿರು ಟರ್ಫ್, ಫ್ಲಡ್‌ಲೈಟ್, ಜೆರ್ಸಿ ಬೆನ್ನ ಮೇಲೆ ಮಗನ ಹೆಸರು. ಇಲ್ಲಿ ಮಣ್ಣು, ಧೂಳು, ಆಟದ ಮಧ್ಯೆ ಬಂದು ಮಲಗುವ ನಾಯಿ.

ಅಕಾಡೆಮಿ ಫೀ ತಿಂಗಳಿಗೆ 4,000. ವರ್ಷದ್ದು ಒಟ್ಟಿಗೆ ಕಟ್ಟಿದರೆ 48,000 ಬದಲು 40,000. ನಾನು ಅಲ್ಲೇ ನಿಂತು ಕಟ್ಟಿಬಿಟ್ಟೆ. ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ದುಡ್ಡು ಜಾಸ್ತಿ ಆಯಿತು ಅಂತ ಅಲ್ಲ. ಕಟ್ಟಿದ ದಿನವೇ ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ವಾರಕ್ಕೆ ಮೂರು ಕ್ಲಾಸ್, ರಜೆ ಕಳೆದು ವರ್ಷಕ್ಕೆ 144. ಅಂದರೆ ಒಂದು ಕ್ಲಾಸಿಗೆ 278 ರೂಪಾಯಿ. ಈ 278 ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಳೆ ಬಂದು ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ಅಲುಗಾಡದೆ ನಿಂತರೆ 278 ಹೋಯಿತು. ಸ್ನೇಹಿತನ ಬರ್ತ್‌ಡೇಗೆ ಹೋಗ್ತೀನಿ ಅಂದರೆ 278. ತಿಂಗಳ ಫೀ ಆಗಿದ್ದರೆ ಪ್ರತಿ ತಿಂಗಳೂ ಒಂದು ಸಲ ‘ಮುಂದಿನ ತಿಂಗಳು ಹೋಗ್ತೀಯಾ?’ ಅಂತ ಕೇಳುತ್ತಿದ್ದೆ. ವರ್ಷದ್ದು ಕಟ್ಟಿದ ಮೇಲೆ ಕೇಳೋದೇ ಬೇಡವಾಯಿತು. ಕಟ್ಟಿದ್ದು ವಸೂಲಿ ಆಗಬೇಕಲ್ಲ.

ಆಗಸ್ಟ್‌ನಲ್ಲಿ ಮಗ ‘ಅಪ್ಪಾ, ಹಿಮ್ಮಡಿ ನೋಯ್ತಿದೆ’ ಅಂದ. ಎರಡೂ ಕಾಲು. ಬೆಳಿಗ್ಗೆ ಸರಿ ಇರುತ್ತಿತ್ತು, ಆಡಿ ಬಂದ ಮೇಲೆ ಜೋರಾಗುತ್ತಿತ್ತು. ಬೆಳಿಗ್ಗೆ ಸರಿ ಇದೆ ಅಂದರೆ ನಾಟಕ ಅಂತ ನಾನು ತೀರ್ಮಾನ ಮಾಡಿದೆ. ಕೋಚ್ ಹತ್ತಿರ ಕೇಳಿದೆ, ಅವರು ಸ್ಟ್ರೆಚ್ ಮಾಡಿಸಿ ಅಂದರು. ಅವರ ಕೈ ಕೆಳಗೆ 26 ಮಕ್ಕಳು, ಪಾಪ ಅವರೇನು ನೋಡ್ತಾರೆ. ಒಂದು ಸಂಜೆ ಪಾರ್ಕಿಂಗ್‌ನಿಂದ ಟರ್ಫ್ ತನಕ ಇವನು ಹಿಮ್ಮಡಿ ನೆಲಕ್ಕೆ ತಾಗಿಸದೆ, ತುದಿಗಾಲಲ್ಲೇ ನಡೆದು ಹೋದ. ನಾನು ಹಿಂದಿನಿಂದ ನೋಡಿದೆ. ‘ನೆಟ್ಟಗೆ ನಡಿ’ ಅಂದೆ. ಅಷ್ಟೇ ಅಂದಿದ್ದು.

ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ನನ್ನ ಹೆಂಡತಿ, ನನಗೆ ಹೇಳದೆ, ಮೂಳೆ ಡಾಕ್ಟರ್‌ಗೆ ಫೋನ್ ಮಾಡಿ ಟೈಮ್ ತಗೊಂಡಳು. ಡಾಕ್ಟರ್ ಇವನ ಹಿಮ್ಮಡಿಯನ್ನು ಎರಡೂ ಬದಿಯಿಂದ ಬೆರಳಲ್ಲಿ ಹಿಂಡಿದರು. ಮಗ ಕುರ್ಚಿಯಿಂದ ಎದ್ದೇಬಿಟ್ಟ. ಸೀವರ್ಸ್ ಅಂತಾರಂತೆ. 8ರಿಂದ 14 ವರ್ಷದ ಮಕ್ಕಳಲ್ಲಿ, ಓಡುವ ಆಟ ಆಡೋರಲ್ಲಿ ತುಂಬಾ ಮಾಮೂಲಿ. ಹಿಮ್ಮಡಿ ಮೂಳೆ ಇನ್ನೂ ಬೆಳೀತಿರುತ್ತೆ. ಮೀನಖಂಡದಿಂದ ಇಳಿಯುವ ಸ್ನಾಯುರಜ್ಜು (ಟೆಂಡನ್) ಆ ಎಳೆ ಭಾಗವನ್ನೇ ಜಗ್ಗುತ್ತೆ. ತೆಳು ಅಡಿಯ ಸ್ಟಡ್ಸ್ (ಫುಟ್‌ಬಾಲ್ ಶೂ) ಹಾಕಿ ಗಟ್ಟಿ ನೆಲದ ಮೇಲೆ ಓಡಿದರೆ ಇನ್ನೂ ಜಾಸ್ತಿ. ಐಸ್ ಇಡಿ, ಶೂ ಒಳಗೆ ಹಿಮ್ಮಡಿಗೆ ಪ್ಯಾಡ್ ಹಾಕಿ, ಕೆಲವು ವಾರ ಓಟ ನಿಲ್ಲಿಸಿ, ಬೆಳೆದ ಮೇಲೆ ತಾನಾಗಿಯೇ ಹೋಗುತ್ತೆ ಅಂದರು. ಆಮೇಲೆ ‘ಎಷ್ಟು ದಿನದಿಂದ ನೋವು?’ ಅಂತ ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು.

ನೋವು ಆರು ವಾರದಲ್ಲಿ ಹೋಯಿತು. ಆದರೆ ಡಿಸೆಂಬರ್‌ನಲ್ಲಿ ‘ಇವತ್ತು ಕ್ಲಾಸ್ ಇದೆ ಕಣೋ’ ಅಂದರೆ ಮಗ ಸುಮ್ನೆ ಟಿವಿ ನೋಡುತ್ತಾ ಕೂತ. ಗಲ್ಲಿಯಲ್ಲೂ ಆಡಲಿಲ್ಲ. ಎದುರು ಮನೆ ಆಂಟಿಯೇ ‘ಏನ್ರೀ, ಹುಡುಗನಿಗೆ ಹುಷಾರಿಲ್ವಾ?’ ಅಂತ ಕೇಳಿದರು. ಅಕಾಡೆಮಿಯಲ್ಲಿ ಉಳಿದ ದುಡ್ಡು ಕೇಳಿದೆ. ‘ಟರ್ಮ್ಸ್‌ನಲ್ಲಿ ಇದೆ ಸಾರ್’ ಅಂತ ಫಾರ್ಮ್ ತೋರಿಸಿದರು. ಕೆಳಗೆ ನನ್ನದೇ ಸಹಿ.

ನಿಮ್ಮ ಇನ್ನೊಂದು ಮಾತು, ಮುಂದೆ ರಾಜ್ಯ ತಂಡಕ್ಕೆ ಹೋಗೋಕೆ ಯಾವುದು ಒಳ್ಳೇದು ಅನ್ನೋದು. ಹತ್ತು ವರ್ಷಕ್ಕೆ ಆ ಪ್ರಶ್ನೆಯೇ ಬೇಡ, ಬಿಟ್ಟುಬಿಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು. ಆ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಯಾರ ಜೆರ್ಸಿ ಬೆನ್ನ ಮೇಲೂ ಅಪ್ಪ ಹೆಸರು ಬರೆಸಿರಲಿಲ್ಲ. ಈಗಿನ ಕಾಲ ಬೇರೆ ಅಂತೀರಿ, ಇರಲಿ.

ನೀವು ನೋಡಬೇಕಾದ್ದು ಒಂದೇ. ಎರಡೂ ಕಡೆ ಹೋಗಿ, ಪಕ್ಕದಲ್ಲಿ ಕೂತು, ಯಾವುದಾದರೂ ಒಂದು ಮಗು ಒಂದು ಗಂಟೆಯಲ್ಲಿ ಎಷ್ಟು ಸಲ ಚೆಂಡು ಮುಟ್ಟುತ್ತೆ ಅಂತ ಎಣಿಸಿ. ಅಕಾಡೆಮಿಯಲ್ಲಿ ನಾನು ಒಂದು ದಿನ ಎಣಿಸಿದ್ದೆ, ನನ್ನ ಮಗ 41 ಸಲ. ಉಳಿದ ಹೊತ್ತು ಕೋನ್ ಪಕ್ಕ ಸಾಲಿನಲ್ಲಿ ನಿಂತಿದ್ದ. ಈ ವಯಸ್ಸಿಗೆ ನಾಲ್ಕನೇ ಸೈಜಿನ ಚೆಂಡು, ಒಂದು ಕಡೆಗೆ ಐದೋ ಏಳೋ ಮಕ್ಕಳು, ಸಣ್ಣ ಮೈದಾನ ಇರಬೇಕು. ಹನ್ನೊಂದು ಜನರನ್ನು ದೊಡ್ಡ ಗ್ರೌಂಡಿನಲ್ಲಿ ಓಡಿಸುವವರು ಕಂಡರೆ ಅಲ್ಲಿಂದ ಎದ್ದು ಬನ್ನಿ, ಹೆಸರು ಎಷ್ಟು ದೊಡ್ಡದಿದ್ದರೂ. ಮತ್ತೆ ಫೀ ತಿಂಗಳು ತಿಂಗಳು ಕಟ್ಟಿ. ಎಂಟು ಸಾವಿರ ಜಾಸ್ತಿ ಆದರೂ ಕಟ್ಟಿ.

ಹೋದ ವರ್ಷ ಜೂನ್‌ನಲ್ಲಿ ಪಕ್ಕದ ಬೀದಿ ಹುಡುಗನ ಜೊತೆ ಮಗ ತಾನಾಗಿಯೇ ಗೌತಮಪುರದ ಗ್ರೌಂಡಿಗೆ ಹೋದ. ನಾನು ಹಿಂದೆಯೇ ಹೋಗಿ ಗೋಡೆ ಪಕ್ಕ ನಿಂತೆ. ಅಲ್ಲಿನ ವಯಸ್ಸಾದ ಕೋಚ್, ಎಲ್ಲರೂ ಮಾಸ್ಟರ್ ಅಂತಾರೆ, ನನ್ನ ಹತ್ತಿರ ಬಂದು ‘ಸಾರ್, ನೀವು ಮನೆಗೆ ಹೋಗಿ. ಅವನು ಬರ್ತಾನೆ’ ಅಂದರು. ತಿಂಗಳಿಗೆ 600 ರೂಪಾಯಿ, ಅದೂ ಅವರು ಕೇಳಿದ್ದು ಎರಡನೇ ತಿಂಗಳಲ್ಲಿ. ಈಗ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆ ಡಿಫೆನ್ಸ್‌ನಲ್ಲಿ, ಆಡ್ತಾನಂತೆ. ‘ಅಂತೆ’ ಅಂದಿದ್ದು ಯಾಕೆಂದರೆ ಮ್ಯಾಚ್ ಇದ್ದರೂ ನನ್ನನ್ನು ಕರೆಯೋದಿಲ್ಲ, ಅವರಮ್ಮನನ್ನು ಕರೀತಾನೆ.

ಅಕಾಡೆಮಿಯ ಎರಡನೇ ಟರ್ಮಿಗೆ ಅಂತ ತೆಗೆದ ಸ್ಟಡ್ಸ್ ಇನ್ನೂ ಡಬ್ಬದಲ್ಲೇ ಇದೆ. ಸೈಜ್ ಮೂರು. ಬೆಳೀತಾನೆ ಅಂತ ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ, ಹಾಕುವ ಹೊತ್ತಿಗೆ ಚಿಕ್ಕದಾಯಿತು. ನಿಮ್ಮ ಹುಡುಗನಿಗೆ ಆಗುತ್ತೆ ಅಂದರೆ ಹೇಳಿ, ಕಳಿಸಿಕೊಡ್ತೀನಿ. ಒಳಗೆ ಹಿಮ್ಮಡಿಗೆ ಒಂದು ಪ್ಯಾಡ್ ಮಾತ್ರ ಹಾಕಿಸಿ.