ಜಾನ್ ಗ್ಲೆನ್ ಹೀರೊನಾ, ಅಡ್ಡಗಾಲು ಹಾಕಿದವರಾ?

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಒಬ್ಬರೇ ವ್ಯಕ್ತಿಯ ಬಗ್ಗೆ. ಹಾಗಾಗಿ ಇ-ಖಾತಾ, ಕಾವೇರಿ ನೀರಿನ ಬಿಲ್ಲು ಎಲ್ಲ ಮುಂದಿನ ಸಂಚಿಕೆಗೆ.

ನನ್ನ ಮಗಳು ಏಳನೇ ಕ್ಲಾಸು. ಗಗನಯಾತ್ರಿಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಅವಳು ಅಮೆರಿಕದ ಜಾನ್ ಗ್ಲೆನ್ ಅವರನ್ನು ಆರಿಸಿಕೊಂಡಿದ್ದಾಳೆ. ಎಚ್‌ಎಎಲ್‌ನಿಂದ ರಿಟೈರ್ ಆಗಿರುವ ನಮ್ಮ ಮಾವನವರು ಚಾರ್ಟ್ ನೋಡಿ, ‘ನಮ್ಮ ಎಲ್‌ಸಿಎ ಯುದ್ಧವಿಮಾನಕ್ಕೆ ಅಡ್ಡಗಾಲು ಹಾಕಿದವನ ಫೋಟೋ ಯಾಕಮ್ಮ ಅಂಟಿಸ್ತೀಯಾ’ ಅಂತ ಸಿಡುಕಿದರು. ಮಗು ಮುಖ ಸಪ್ಪೆ ಮಾಡಿಕೊಂಡು ಕೂತಿದೆ. ಯಾರು ಸರಿ ಸರ್?
– ಓದುಗರು, ಮುರುಗೇಶಪಾಳ್ಯ

ಇಬ್ಬರೂ ಸರಿ. ಫೋಟೋ ಅಂಟಿಸಲಿ, ಆದರೆ ತಾತನ ಸಿಟ್ಟಿಗೂ ಚಾರ್ಟಿನಲ್ಲಿ ಒಂದು ಮೂಲೆ ಕೊಡಲಿ.

ಮೊದಲು ಫೋಟೋ ಯಾಕೆ ಅಂತ ನೋಡೋಣ. ಗ್ಲೆನ್ ಹುಟ್ಟಿದ್ದು 1921ರಲ್ಲಿ, ಒಹಾಯೊ ರಾಜ್ಯದಲ್ಲಿ. ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಎರಡೂ ಸೇರಿ 149 ಸಲ ಯುದ್ಧದ ವಿಮಾನ ಹಾರಿಸಿದರು. ಆಮೇಲೆ ಅಮೆರಿಕದ ನೌಕಾಪಡೆಯ ಟೆಸ್ಟ್ ಪೈಲಟ್ ಶಾಲೆ ಸೇರಿದರು. 1957ರ ಜುಲೈನಲ್ಲಿ ಕ್ರುಸೇಡರ್ ಅನ್ನುವ ಜೆಟ್ಟಿನಲ್ಲಿ ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ 3 ಗಂಟೆ 23 ನಿಮಿಷದಲ್ಲಿ ಹೋಗಿ ದಾಖಲೆ ಮಾಡಿದರು. ದಾರಿಯಲ್ಲಿ ಮೂರು ಸಲ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳಬೇಕಿತ್ತು. ಪ್ರತಿಸಲವೂ ಶಬ್ದಕ್ಕಿಂತ ವೇಗವಾಗಿ ಹೋಗುತ್ತಿದ್ದವರು ಟ್ಯಾಂಕರ್ ವಿಮಾನದ ವೇಗಕ್ಕೆ ಇಳಿದು, ಪೈಪಿಗೆ ಮೂತಿ ಸಿಕ್ಕಿಸಿ, ಮತ್ತೆ ಏರಬೇಕು. ಅಷ್ಟು ನಿಧಾನ ಮಾಡಿಯೂ ಅಷ್ಟು ಹೊತ್ತಿಗೆ ಮುಟ್ಟಿದರು ಅನ್ನೋದೇ ವಿಶೇಷ.

1962ರ ಫೆಬ್ರುವರಿ 20ರಂದು ಫ್ರೆಂಡ್‌ಶಿಪ್ 7 ನೌಕೆಯಲ್ಲಿ ಭೂಮಿಯನ್ನು ಮೂರು ಸುತ್ತು ಹಾಕಿದರು. ಅಮೆರಿಕದವರಲ್ಲಿ ಅವರೇ ಮೊದಲಿಗರು. ಎರಡನೇ ಸುತ್ತಿನ ಹೊತ್ತಿಗೆ ಕೆಳಗಿನ ಕೇಂದ್ರಕ್ಕೆ ಒಂದು ಸೂಚನೆ ಬಂತು: ನೌಕೆಯ ತಳದ ಶಾಖ ಕವಚ ಸಡಿಲವಾಗಿರಬಹುದು. ಕವಚ ಬಿದ್ದುಹೋದರೆ ಮನುಷ್ಯ ಸುಟ್ಟುಹೋದ ಹಾಗೆಯೇ. ವೇಗ ಇಳಿಸುವ ರಾಕೆಟ್ ಪೆಟ್ಟಿಗೆಯನ್ನು ಪಟ್ಟಿಗಳಿಂದ ಆ ಕವಚದ ಮೇಲೇ ಬಿಗಿದಿತ್ತು. ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಎಸೆಯಬೇಕು. ಈ ಸಲ ಹಾಗೇ ಇರಲಿ, ಪಟ್ಟಿಗಳಾದರೂ ಕವಚವನ್ನು ಹಿಡಿದುಕೊಂಡಿರಲಿ ಅಂತ ನಿರ್ಧಾರ ಆಯ್ತು. ಯಾಕೆ ಅಂತ ಗ್ಲೆನ್‌ಗೆ ಕೊನೇವರೆಗೂ ಸರಿಯಾಗಿ ಹೇಳಲಿಲ್ಲ. ವಾತಾವರಣಕ್ಕೆ ನುಗ್ಗುವಾಗ ಆ ಪೆಟ್ಟಿಗೆ ಉರಿದು, ಬೆಂಕಿಯ ಚೂರುಗಳು ಕಿಟಕಿ ಪಕ್ಕದಲ್ಲೇ ಹಾರಿಹೋದವು. ಅದು ಪೆಟ್ಟಿಗೆಯೋ, ತನ್ನ ಜೀವ ಉಳಿಸಬೇಕಾದ ಕವಚವೋ ಅಂತ ಗೊತ್ತಾಗದೆ ಕೂತು ನೌಕೆಯನ್ನು ನೆಟ್ಟಗೆ ಹಿಡಿದಿದ್ದರು. ಆಮೇಲೆ ನೋಡಿದರೆ ಕವಚ ಗಟ್ಟಿಯಾಗಿಯೇ ಇತ್ತು, ಕೆಟ್ಟಿದ್ದು ಸೂಚನೆ ಕೊಟ್ಟ ಸ್ವಿಚ್ಚು. ನಿಮ್ಮ ಮಗಳು ಇಷ್ಟನ್ನು ತನ್ನ ಮಾತಲ್ಲಿ ಬರೆದರೆ ಸಾಕು, ಮೇಷ್ಟ್ರು ಖುಷಿಪಡುತ್ತಾರೆ.

ಇನ್ನು ತಾತನ ಸಿಟ್ಟು. ಗ್ಲೆನ್ 1974ರಲ್ಲಿ ಗೆದ್ದು, 1999ರ ಜನವರಿವರೆಗೆ ಒಹಾಯೊದಿಂದ ಸೆನೆಟರ್ ಆಗಿದ್ದರು. ಅಣ್ವಸ್ತ್ರ ಹರಡಬಾರದು ಅನ್ನೋದು ಅವರ ದೊಡ್ಡ ಹಟ. 1978ರ ಅಣ್ವಸ್ತ್ರ ಪ್ರಸರಣ ತಡೆ ಕಾಯ್ದೆ ಬರೆದವರಲ್ಲಿ ಅವರೇ ಮುಖ್ಯರು. ಅದರಿಂದಲೇ ತಾರಾಪುರದ ಅಣು ಸ್ಥಾವರಕ್ಕೆ ಅಮೆರಿಕದ ಇಂಧನ ನಿಂತು, ನಾವು ಫ್ರಾನ್ಸ್ ಕಡೆ ನೋಡಬೇಕಾಯ್ತು. 1994ರಲ್ಲಿ ‘ಗ್ಲೆನ್ ತಿದ್ದುಪಡಿ’ ಬಂತು. ಅಣ್ವಸ್ತ್ರ ರಾಷ್ಟ್ರ ಅಂತ ಒಪ್ಪಿತವಾಗದ ದೇಶ ಬಾಂಬ್ ಸಿಡಿಸಿದರೆ ನೆರವು, ಸಾಲ, ಶಸ್ತ್ರಾಸ್ತ್ರ, ಸೂಕ್ಷ್ಮ ತಂತ್ರಜ್ಞಾನ ಎಲ್ಲವೂ ಬಂದ್. ‘ಇವರನ್ನು ಬಿಟ್ಟುಬಿಡೋಣ’ ಅನ್ನುವ ಅಧಿಕಾರ ಆಗ ಅಧ್ಯಕ್ಷರಿಗೂ ಇರಲಿಲ್ಲ.

1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ನಾವು ಸಿಡಿಸಿದೆವು. ಆ ಕಾನೂನು ಮೊದಲ ಸಲ ಜಾರಿಗೆ ಬಂದಿದ್ದು ನಮ್ಮ ಮೇಲೆಯೇ. ಆ ಹೊತ್ತಿನಲ್ಲಿ ಎಲ್‌ಸಿಎಯ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿದ್ದರು. ಅವರನ್ನು ಕೆಲಸದ ಮಧ್ಯದಲ್ಲೇ ಎಬ್ಬಿಸಿ ವಾಪಸ್ ಕಳಿಸಿದರು, ಸಲಕರಣೆ ಅಲ್ಲೇ ಉಳಿಯಿತು. ನಿಮ್ಮ ಮಾವನವರ ಜೊತೆ ಟೀ ಕುಡಿಯುತ್ತಿದ್ದವರಲ್ಲೇ ಯಾರಾದರೂ ಆ ತಂಡದಲ್ಲಿ ಇದ್ದಿರಬಹುದು. ಅವರ ಸಿಟ್ಟು ಸುಮ್ನೆ ಬಂದಿದ್ದಲ್ಲ.

ನಿರ್ಬಂಧ ಹಾಕಿದ್ದೇ ಒಳ್ಳೇದಾಯ್ತು, ಅದರಿಂದಲೇ ನಾವು ಸ್ವಂತ ಕಾಲ ಮೇಲೆ ನಿಂತೆವು ಅಂತಾರೆ. ಹಾಗಾದರೆ ಗ್ಲೆನ್‌ಗೆ ಥ್ಯಾಂಕ್ಸ್ ಹೇಳಬೇಕಾ?
– ಓದುಗರು, ವಿದ್ಯಾರಣ್ಯಪುರ

ಬೇಡ. ಜೇಬುಗಳ್ಳ ಪರ್ಸ್ ಕದ್ದಿದ್ದರಿಂದ ನಡೆಯೋ ಅಭ್ಯಾಸ ಆಯ್ತು ಅಂತ ಅವನಿಗೆ ಹಾರ ಹಾಕುತ್ತೀರಾ?

ಇದರಲ್ಲಿ ಅರ್ಧ ನಿಜ ಇದೆ. ಎಲ್‌ಸಿಎ ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ ವಿಮಾನ. ಪೈಲಟ್ ಕೈಬಿಟ್ಟರೆ ತಾನಾಗಿ ನೆಟ್ಟಗೆ ಹೋಗುವುದಿಲ್ಲ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ರೆಕ್ಕೆಯ ಪಟ್ಟಿಗಳನ್ನು ಅಲ್ಲಾಡಿಸಿ ಹಿಡಿದಿಡಬೇಕು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ನಾಲ್ಕು ಚಾನೆಲ್ ಇಟ್ಟಿರುತ್ತಾರೆ. ಇದರ ಲೆಕ್ಕಾಚಾರವನ್ನು ನಮ್ಮ ವಿಮಾನ ಸಂಶೋಧನಾ ಸಂಸ್ಥೆಗಳಾದ ಎನ್‌ಎಎಲ್, ಎಡಿಎ, ಎಡಿಇ ಜನ ಬೆಂಗಳೂರಿನಲ್ಲೇ ಕೂತು ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಅದನ್ನು ಮೊದಲ ಸಲ ಹಾರಿಸಿದರು. ಆ ಹೆಮ್ಮೆ ಪೂರ್ತಿ ನಮ್ಮದು.

ಆದರೆ ಇನ್ನರ್ಧವನ್ನೂ ಹೇಳಬೇಕಲ್ವಾ? ಆ ವಿಮಾನ ಹ್ಯಾಂಗರಿನಿಂದ ಹೊರಬಂದು ಫೋಟೋ ತೆಗೆಸಿಕೊಂಡಿದ್ದು 1995ರ ನವೆಂಬರಿನಲ್ಲಿ. ಪೋಖ್ರಾನ್ ಆಗಿದ್ದು ಅದಾಗಿ ಎರಡೂವರೆ ವರ್ಷಕ್ಕೆ. ಅಷ್ಟು ದಿನ ಅದು ಹಾರದೆ ನಿಂತಿದ್ದಕ್ಕೆ ಗ್ಲೆನ್ ಕಾರಣ ಅಲ್ಲ. ನಮ್ಮ ತಡಕ್ಕೆಲ್ಲ ಅಮೆರಿಕದ ಒಬ್ಬ ಸೆನೆಟರ್ ತಲೆಗೆ ಗೂಬೆ ಕೂರಿಸೋದು ಸುಲಭ, ಕಡತ ಓಡಾಡಿಸಿದವರಿಗೆ ಅದರಿಂದ ಅನುಕೂಲವೂ ಹೌದು. ನಿರ್ಬಂಧದಿಂದ ನಮಗೆ ವರ್ಷಗಳು ಹೋದವು, ದುಡ್ಡು ಹೋಯ್ತು, ಒಂದು ಬಿಡಿಭಾಗಕ್ಕೆ ಊರೆಲ್ಲ ಅಲೆಯಬೇಕಾಯ್ತು. 1998ರ ನವೆಂಬರಿನಲ್ಲಿ ಅಮೆರಿಕ ಹೊರಡಿಸಿದ ಪಟ್ಟಿಯಲ್ಲಿ ಅಂಗಸಂಸ್ಥೆಗಳನ್ನೂ ಸೇರಿಸಿ ನಮ್ಮ 200ಕ್ಕೂ ಹೆಚ್ಚು ಹೆಸರುಗಳಿದ್ದವು. ಬಾಂಬಿಗೂ ಅವುಗಳಲ್ಲಿ ಎಷ್ಟೋ ಲ್ಯಾಬುಗಳಿಗೂ ಏನು ಸಂಬಂಧ?

ಇನ್ನೊಂದು ತಮಾಷೆ ಕೇಳಿ. ಆ ಕಾನೂನು ಎಷ್ಟು ಬಿಗಿಯಾಗಿತ್ತು ಅಂದರೆ, ನಮ್ಮ ಬೆನ್ನಿಗೇ ಬಾಂಬ್ ಸಿಡಿಸಿದ ಪಾಕಿಸ್ತಾನಕ್ಕೆ ಗೋಧಿ ಮಾರುವ ಸಾಲಕ್ಕೂ ಕತ್ತರಿ ಬೀಳುವ ಹಾಗಾಯ್ತು. ಅಮೆರಿಕದ ರೈತರು ಕೂಗೆಬ್ಬಿಸಿದರು. ಅದೇ ವರ್ಷ ಜುಲೈ ಮುಗಿಯೋದರೊಳಗೆ ಅಲ್ಲಿನ ಸಂಸತ್ತು ಓಡೋಡಿ ಬಂದು ಕೃಷಿ ಸಾಲಕ್ಕೆ ವಿನಾಯಿತಿ ಕೊಟ್ಟಿತು. ಬೆಂಗಳೂರಿನ ಎಂಜಿನಿಯರಿಗೆ ಅಂಥ ಓಟ್ ಬ್ಯಾಂಕ್ ಅಲ್ಲಿ ಎಲ್ಲಿಂದ ಬರಬೇಕು!

ಟೆಸ್ಟ್ ಪೈಲಟ್ ಆದವರು ರಾಜಕೀಯಕ್ಕೆ ಲಾಯಕ್ಕಾ?
– ಓದುಗರು, ಬಸವನಗುಡಿ

ಅದರಲ್ಲೂ ಎರಡು ಮುಖ ಇದೆ. ಟೆಸ್ಟ್ ಪೈಲಟ್ ಕೆಲಸ ಅಂದರೆ ಸಾಹಸ ಅಂದುಕೊಳ್ಳುತ್ತೇವೆ. ದಿನದ ಬಹುಪಾಲು ಅದು ಬರೆಯೋ ಕೆಲಸ. ಇಷ್ಟು ಎತ್ತರದಲ್ಲಿ, ಇಷ್ಟು ವೇಗದಲ್ಲಿ ಈ ಕಂಪನ ಬಂತು ಅಂತ ಕಾರ್ಡಿನಲ್ಲಿ ಗುರುತು ಹಾಕಿಕೊಂಡು ಬಂದು, ವಿಮಾನ ಮಾಡಿದವರ ಮುಂದೆಯೇ ಅದರ ತಪ್ಪು ಹೇಳಬೇಕು. ಸೆನೆಟ್ಟಿನಲ್ಲಿ ಗ್ಲೆನ್ ಚೆನ್ನಾಗಿ ಮಾಡಿದ ಕೆಲಸವೂ ಇದೇ ಜಾತಿಯದ್ದು. ಸರ್ಕಾರದ ಲೆಕ್ಕಪತ್ರ, ಇಲಾಖೆಗಳ ಒಳಗಿನ ತಪಾಸಣಾ ಅಧಿಕಾರಿಗಳ ಬಲ, ಯಾರಿಗೂ ಚಪ್ಪಾಳೆ ತರದ ವಿಷಯಗಳು. ಅವರ ಒಹಾಯೊದಲ್ಲೇ ಫರ್ನಾಲ್ಡ್ ಅನ್ನುವ ಜಾಗದಲ್ಲಿ ಬಾಂಬಿಗೆ ಯುರೇನಿಯಂ ತಯಾರಿಸುವ ಕಾರ್ಖಾನೆ ಅಂತರ್ಜಲಕ್ಕೆ ವಿಷ ಬಿಟ್ಟಿತ್ತು. ಅಂಥ ಕಾರ್ಖಾನೆಗಳ ಕೊಳಕನ್ನು ಹೊರಗೆ ತರಲು ವರ್ಷಗಟ್ಟಲೆ ಹಿಂದೆ ಬಿದ್ದವರು ಗ್ಲೆನ್. ಬೆಳ್ಳಂದೂರು ಕೆರೆ ನೊರೆ ನೋಡಿದ ನಮಗೆ ಅಂಥ ಒಬ್ಬ ಜನಪ್ರತಿನಿಧಿಯ ಬೆಲೆ ಗೊತ್ತು.

ಇನ್ನೊಂದು ಮುಖ: ಚೆಕ್‌ಲಿಸ್ಟ್ ನಂಬುವವರು ಕಾನೂನನ್ನೂ ಚೆಕ್‌ಲಿಸ್ಟಿನ ಹಾಗೇ ಬರೆಯುತ್ತಾರೆ. ಸಿಡಿಸಿದರೆ ಶಿಕ್ಷೆ, ಮಧ್ಯೆ ಮಾತುಕತೆಗೆ ಜಾಗ ಇಲ್ಲ. ವಿಮಾನಕ್ಕೆ ಅದು ಸರಿ. ದೇಶ ದೇಶಗಳ ನಡುವೆ ಅದು ನಡೆಯೋದಿಲ್ಲ.

ಓಟು ಕೇಳುವುದರಲ್ಲಂತೂ ಅವರು ಅಷ್ಟಕ್ಕಷ್ಟೇ. 1984ರಲ್ಲಿ ಅಧ್ಯಕ್ಷ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ನಿಂತು ಬೇಗನೆ ಮುಗ್ಗರಿಸಿದರು. ಸುಮಾರು 30 ಲಕ್ಷ ಡಾಲರ್ ಸಾಲ ಉಳಿಯಿತು, ಅದು ವರ್ಷಾನುಗಟ್ಟಲೆ ಬೆನ್ನು ಬಿಡಲಿಲ್ಲ.

ಕೈ ಶುದ್ಧ ಇತ್ತಾ? ಅದನ್ನು ಹೇಳಿ ಸಾಕು.
– ಓದುಗರು, ಚಾಮರಾಜಪೇಟೆ

ಒಂದು ಕಲೆ ಇದೆ. ಚಾರ್ಲ್ಸ್ ಕೀಟಿಂಗ್ ಅನ್ನುವ ಹಣವಂತನ ಲಿಂಕನ್ ಸೇವಿಂಗ್ಸ್ ಅನ್ನುವ ಸಂಸ್ಥೆ ಇತ್ತು. ಅದರ ಮೇಲೆ ತನಿಖೆ ಮಾಡುತ್ತಿದ್ದ ಅಧಿಕಾರಿಗಳನ್ನು 1987ರಲ್ಲಿ ಐವರು ಸೆನೆಟರುಗಳು ಕರೆಸಿ ಮಾತಾಡಿದರು. ಐವರಲ್ಲಿ ಗ್ಲೆನ್ ಒಬ್ಬರು. ಅವರಿಗೆ ಸಂಬಂಧಪಟ್ಟ ರಾಜಕೀಯ ಸಮಿತಿಗೆ ಕೀಟಿಂಗ್ ಕಡೆಯಿಂದ 2 ಲಕ್ಷ ಡಾಲರ್ ಬಂದಿತ್ತು. ತನಿಖೆ ಕ್ರಿಮಿನಲ್ ಕೇಸಿನ ದಾರಿ ಹಿಡಿದಿದೆ ಅಂತ ಗೊತ್ತಾದ ಮೇಲೂ, ಕೀಟಿಂಗ್‌ಗೆ ಇನ್ನೊಬ್ಬ ದೊಡ್ಡ ನಾಯಕರ ಜೊತೆ ಮಧ್ಯಾಹ್ನದ ಊಟ ಏರ್ಪಡಿಸಿಕೊಟ್ಟರು. ಸೆನೆಟ್ ನೀತಿ ಸಮಿತಿ 1991ರಲ್ಲಿ ಹೇಳಿದ್ದು ಇಷ್ಟು: ವಿವೇಚನೆ ತಪ್ಪಿದರು. ಶಿಕ್ಷೆ ಏನೂ ಆಗಲಿಲ್ಲ, ಮುಂದಿನ ವರ್ಷ ಚುನಾವಣೆಯನ್ನೂ ಗೆದ್ದರು.

ಲಿಂಕನ್ 1989ರಲ್ಲಿ ಮುಳುಗಿತು. ಅದರ ಶಾಖೆಗಳ ಕೌಂಟರಿನಲ್ಲೇ, ಠೇವಣಿ ಇಡಲು ಬಂದವರಿಗೆ ವಿಮೆ ಇಲ್ಲದ ಬಾಂಡುಗಳನ್ನು ಮಾರಿದ್ದರು. ದುಡ್ಡು ಕಳೆದುಕೊಂಡವರಲ್ಲಿ ವಯಸ್ಸಾದವರೇ ಜಾಸ್ತಿ. ನಮ್ಮ ಊರಿನಲ್ಲೂ ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಪಾಸ್‌ಬುಕ್ ಹಿಡಿದು ನಿಂತ ಅಜ್ಜ ಅಜ್ಜಿಯರನ್ನು ನೋಡಿದವರಿಗೆ ‘ವಿವೇಚನೆ ತಪ್ಪಿದರು’ ಅನ್ನೋದು ತೀರಾ ಮೆತ್ತಗಿನ ಮಾತು ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ.

ಹೆಣ್ಣುಮಕ್ಕಳು ಗಗನಯಾತ್ರಿ ಆಗಬಾರದು ಅಂತ ಇವರು ಹೇಳಿದ್ದರಂತೆ, ನಿಜಾನಾ?
– ಓದುಗರು, ಜಯನಗರ 4ನೇ ಬ್ಲಾಕ್

ಹೆಚ್ಚುಕಮ್ಮಿ ನಿಜ. 1962ರ ಜುಲೈನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಜೆರ್ರಿ ಕಾಬ್ ಮತ್ತು ಜೇನ್ ಹಾರ್ಟ್ ಅನ್ನುವ ಇಬ್ಬರು ಮಹಿಳಾ ಪೈಲಟ್‌ಗಳು ಬಂದು ನಮಗೂ ಅವಕಾಶ ಕೊಡಿ ಅಂದರು. ಮರುದಿನ ಗ್ಲೆನ್ ಬಂದು, ಹೆಂಗಸರು ಈ ಕ್ಷೇತ್ರದಲ್ಲಿ ಇಲ್ಲದಿರುವುದು ನಮ್ಮ ಸಮಾಜದ ವ್ಯವಸ್ಥೆ ಅನ್ನುವ ಅರ್ಥದ ಮಾತಾಡಿದರು. ನಿಯಮ ಏನಪ್ಪಾ ಅಂದರೆ ಮಿಲಿಟರಿ ಟೆಸ್ಟ್ ಪೈಲಟ್ ಶಾಲೆಯಲ್ಲಿ ಪಾಸಾಗಿರಬೇಕು, ಡಿಗ್ರಿ ಇರಬೇಕು. ಆ ಶಾಲೆಗಳು ಹೆಂಗಸರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಇನ್ನು ಡಿಗ್ರಿ ವಿಷಯ ಕೇಳಿ: 1959ರಲ್ಲಿ ಆಯ್ಕೆಯಾದಾಗ ಗ್ಲೆನ್ ಅವರಿಗೇ ಡಿಗ್ರಿ ಇರಲಿಲ್ಲ! ಯುದ್ಧಕ್ಕೆ ಸೇರಲು ಕಾಲೇಜು ಬಿಟ್ಟಿದ್ದರು. ಭೂಮಿ ಸುತ್ತಿ ಬಂದ ವರ್ಷ ಕಾಲೇಜು ಕರೆದು ಡಿಗ್ರಿ ಕೊಟ್ಟಿತು. ಅವರಿಗೆ ಬಗ್ಗಿದ ನಿಯಮ ಕಾಬ್‌ಗೆ ಬಗ್ಗಲಿಲ್ಲ.

ಆ ಕಾಲದಲ್ಲಿ ಗಗನಯಾತ್ರಿಗಳಿಗೆ ಮಾಡುವಂಥ ವೈದ್ಯಕೀಯ ಪರೀಕ್ಷೆಗಳಲ್ಲಿ ಪಾಸಾಗಿದ್ದ ಹದಿಮೂರು ಹೆಂಗಸರಲ್ಲಿ ವಾಲಿ ಫಂಕ್ ಒಬ್ಬರು. 2021ರಲ್ಲಿ, 82ನೇ ವಯಸ್ಸಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿ, ಗ್ಲೆನ್ 77ನೇ ವಯಸ್ಸಿನಲ್ಲಿ ಮಾಡಿದ್ದ ದಾಖಲೆ ಮುರಿದರು. ಅದೇ ವರ್ಷ ನಮ್ಮ ಬೆಂಗಳೂರಿನ ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಕೊಳ್ಳೇಗಾಲ ಕಡೆಯ ಸ್ಕ್ವಾಡ್ರನ್ ಲೀಡರ್ ಆಶ್ರಿತಾ ಓಲೇಟಿ, ಫ್ಲೈಟ್ ಟೆಸ್ಟ್ ಎಂಜಿನಿಯರ್ ಆದ ನಮ್ಮ ವಾಯುಪಡೆಯ ಮೊದಲ ಮಹಿಳೆ ಅನ್ನಿಸಿಕೊಂಡರು.

ಗ್ಲೆನ್ 77ನೇ ವಯಸ್ಸಿನಲ್ಲಿ ಮತ್ತೆ ಬಾಹ್ಯಾಕಾಶಕ್ಕೆ ಹೋಗಿದ್ದು ಬರೀ ಪಬ್ಲಿಸಿಟಿ ಅಲ್ವಾ?
– ಓದುಗರು, ರಾಜಾಜಿನಗರ

ಸ್ವಲ್ಪ ಪಬ್ಲಿಸಿಟಿ, ಸ್ವಲ್ಪ ವೃದ್ಧಾಪ್ಯದ ಸಂಶೋಧನೆ. 1998ರ ಅಕ್ಟೋಬರ್ 29ರಂದು ಡಿಸ್ಕವರಿ ನೌಕೆಯಲ್ಲಿ ಹೋಗಿ ಒಂಬತ್ತು ದಿನ ಇದ್ದು ಬಂದರು. ಮೇ ತಿಂಗಳಲ್ಲಿ ಅವರ ಕಾನೂನು ನಮ್ಮ ಬಾಗಿಲು ಮುಚ್ಚಿಸಿತ್ತು, ಅಕ್ಟೋಬರಿನಲ್ಲಿ ನಾವೇ ಟೀವಿ ಮುಂದೆ ಕೂತು ಆ ಅಜ್ಜನನ್ನು ಮೆಚ್ಚಿಕೊಂಡೆವು. ಆ ಸುದ್ದಿಗಳಲ್ಲಿ ಎರಡನ್ನೂ ಯಾರೂ ಸೇರಿಸಿ ಹೇಳಿದ ನೆನಪು ನನಗಿಲ್ಲ.

ಬೆಂಗಳೂರಿನಲ್ಲಿ ಟೆಸ್ಟ್ ಪೈಲಟ್ ಹೆಸರಿನ ರಸ್ತೆ ಇದೆಯಾ?
– ಓದುಗರು, ಇಂದಿರಾನಗರ

ನಿಮ್ಮ ಪಕ್ಕದಲ್ಲೇ ಇದೆ, ಸುರಂಜನ್ ದಾಸ್ ರಸ್ತೆ. ಟ್ರಾಫಿಕ್ಕಿನಲ್ಲಿ ನಿಂತು ಬೈಯುವಾಗ ನೆನಪಿಸಿಕೊಳ್ಳಿ: 1961ರಲ್ಲಿ ನಮ್ಮ ಮಾರುತ್ ಜೆಟ್ಟನ್ನು ಮೊದಲು ಹಾರಿಸಿದವರು ಅವರು. 1970ರ ಜನವರಿಯಲ್ಲಿ ಅದೇ ಮಾರುತ್‌ನ ಹೊಸ ಮಾದರಿ ಪರೀಕ್ಷಿಸುವಾಗ ಪ್ರಾಣ ಬಿಟ್ಟರು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಮಾರುತ್ ನಿಂತಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಆ ಗ್ಲೆನ್ ಕಾನೂನು ಈಗಲೂ ಇದೆಯಾ?
– ಓದುಗರು, ಸಿ.ವಿ. ರಾಮನ್ ನಗರ

ಪುಸ್ತಕದಲ್ಲಿ ಇದೆ. ನಮ್ಮ ಮೇಲಿನ ನಿರ್ಬಂಧಗಳನ್ನು, ಸಂಸತ್ತು ಆಮೇಲೆ ಕೊಟ್ಟ ಅಧಿಕಾರ ಬಳಸಿ, ಅಧ್ಯಕ್ಷ ಬುಷ್ 2001ರ ಸೆಪ್ಟೆಂಬರ್ 22ರಂದು ತೆಗೆದರು, ನ್ಯೂಯಾರ್ಕ್ ದಾಳಿಯಾಗಿ ಹನ್ನೊಂದು ದಿನಕ್ಕೆ. ಪಾಕಿಸ್ತಾನದ್ದೂ ಅವತ್ತೇ ಹೋಯ್ತು. ನಾವು ಬದಲಾಗಿದ್ದರಿಂದ ಅಲ್ಲ, ಅವರಿಗೆ ಅಫ್ಘಾನಿಸ್ತಾನದಲ್ಲಿ ಕೆಲಸ ಇದ್ದಿದ್ದರಿಂದ. ಅಣು ವ್ಯಾಪಾರಕ್ಕೆ ನಮಗೆ ವಿನಾಯಿತಿ ಕೊಟ್ಟ ಅಮೆರಿಕದ 2006ರ ಹೈಡ್ ಕಾಯ್ದೆ, 2008ರ ಅಣು ಒಪ್ಪಂದದಿಂದ ಇನ್ನಷ್ಟು ಬಾಗಿಲು ತೆರೆಯಿತು, ಆದರೆ ನಾವು ಮತ್ತೆ ಸಿಡಿಸಿದರೆ ಹೈಡ್ ಕಾಯ್ದೆಯ ವಿನಾಯಿತಿ ರದ್ದಾಗುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ ಅವರ ನಿರ್ಬಂಧ ಪಟ್ಟಿಯಿಂದ ಹೊರಬಂದಿದ್ದು 2025ರ ಜನವರಿಯಲ್ಲಿ, ಗ್ಲೆನ್ ತೀರಿಕೊಂಡು ಎಂಟು ವರ್ಷ ಕಳೆದ ಮೇಲೆ. ಅಂದಹಾಗೆ, ಎಲ್‌ಸಿಎಯ ಈಗಿನ ಮಾದರಿ ತೇಜಸ್ ಮಾರ್ಕ್ 1ಎಗೆ ಅಮೆರಿಕದ ಎಂಜಿನ್ ತಡವಾಗಿ ಬಂದಿದ್ದಕ್ಕೂ ಅವರೇ ಕಾರಣವಾ ಅಂತ ನಿಮ್ಮ ಕಾಗದದ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲ. ಅದು ಕಾರ್ಖಾನೆಯ ಪೂರೈಕೆ ತೊಂದರೆ, ಅದಕ್ಕೆ ಬೈಯಲು ಬೇರೆಯವರನ್ನು ಹುಡುಕಿಕೊಳ್ಳಿ.