ಇರುವೆಯ ಮೂಗು ಕಟ್ಟಿದರೆ ಉಬ್ಬಸ ನಿಲ್ಲುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಹೆಂಡತಿಗೆ 54 ವರ್ಷ, ಬಹಳ ಕಾಲದಿಂದ ಅಸ್ತಮಾ. ಕೀಮೋಕೈನ್ ರಿಸೆಪ್ಟರ್ ತಡೆಯುವ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆಯೆಂದು ಅಲ್ಲಿರುವ ಮಗ ಹೇಳುತ್ತಾನೆ. ಅದು ಬೆಂಗಳೂರಿಗೆ ಬರುವ ತನಕ ಇನ್ಹೇಲರ್ ನಿಲ್ಲಿಸಿ ನೋಡೋಣವೇ?
(ರಾಜಾಜಿನಗರದ ಓದುಗರು)

ಬೇಡ. ಇದನ್ನೇ ಕೇಳಿ ಕೇಳಿ ನನಗೆ ಸಾಕಾಗಿದೆ, ಆದ್ದರಿಂದ ಇವತ್ತಿನ ಜಾಗದ ಹೆಚ್ಚಿನ ಪಾಲು ಇದಕ್ಕೇ.

ಅಡುಗೆಮನೆ ಕಟ್ಟೆಯ ಮೇಲೆ ಬೆಲ್ಲದ ಚೂರು ಬಿದ್ದರೆ ಇರುವೆ ಸಾಲುಗಟ್ಟುತ್ತದಲ್ಲ, ಹಾಗೆ. ಧೂಳಿಗೋ ಪರಾಗಕ್ಕೋ ಕೆರಳಿದ ಶ್ವಾಸನಾಳ ಬಿಡುವ ಪುಟ್ಟ ಪ್ರೊಟೀನುಗಳೇ ಕೀಮೋಕೈನ್, ಬೆಲ್ಲದ ವಾಸನೆ. ಬಿಳಿ ರಕ್ತಕಣದ ಮೈಮೇಲಿನ ರಿಸೆಪ್ಟರ್ ಇರುವೆಯ ಮೂಗು. ಇಯೋಸಿನೊಫಿಲ್ ಎಂಬ ಜಾತಿಯ ಬಿಳಿ ಕಣಕ್ಕೆ ಸಿಸಿಆರ್3 ಎಂಬ ಮೂಗು, ನ್ಯೂಟ್ರೋಫಿಲ್ ಎಂಬ ಇನ್ನೊಂದು ಜಾತಿಗೆ ಸಿಎಕ್ಸ್‌ಸಿಆರ್2 ಮುಖ್ಯ. ಮೂಗು ಕಟ್ಟಿದರೆ ಸಾಲು ಬರುವುದಿಲ್ಲ, ಉರಿಯೂತ ಏಳುವುದಿಲ್ಲ. ಲೆಕ್ಕ ಚೆನ್ನಾಗಿಯೇ ಇದೆ, ಪ್ರಯೋಗಾಲಯದ ಇಲಿಗಳೂ ಅದನ್ನು ಒಪ್ಪಿದವು.

ಮನುಷ್ಯರಲ್ಲಿ ಸುಮಾರು 50 ಕೀಮೋಕೈನ್, 20ರಷ್ಟು ರಿಸೆಪ್ಟರ್. ಒಂದೇ ವಾಸನೆ ಹಲವು ಮೂಗಿಗೆ, ಒಂದೇ ಮೂಗಿಗೆ ಹಲವು ವಾಸನೆ. ಒಂದನ್ನು ಕಟ್ಟಿದರೆ ಇನ್ನೊಂದರ ಜಾಡು ಹಿಡಿದು ಬರುತ್ತವೆ. ತೀವ್ರ ಅಸ್ತಮಾದ 600ಕ್ಕೂ ಹೆಚ್ಚು ಜನರಲ್ಲಿ ಸಿಎಕ್ಸ್‌ಸಿಆರ್2 ತಡೆಯುವ ಮಾತ್ರೆಯನ್ನು ಆರು ತಿಂಗಳು ಪರೀಕ್ಷಿಸಿದರು. 2016ರಲ್ಲಿ ಫಲಿತಾಂಶ ಬಂತು: ದಮ್ಮು ಉಲ್ಬಣಿಸುವುದು ಕಡಿಮೆಯಾಗಲಿಲ್ಲ. ಇದೇ ಜಾತಿಯ ಇನ್ನೊಂದನ್ನು ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ರೋಗಿಗಳಿಗೆ ಕೊಟ್ಟಾಗ ಕೆಲವರ ರಕ್ತದಲ್ಲಿ ನ್ಯೂಟ್ರೋಫಿಲ್ ಕುಸಿದು ಮಾತ್ರೆ ನಿಲ್ಲಿಸಬೇಕಾಯಿತು. ನನಗೆ ಪುಕ್ಕಲು ಎನ್ನಿ, ಪರವಾಗಿಲ್ಲ. ನ್ಯುಮೋನಿಯಾ ಬಂದಾಗ ಮೊದಲು ಓಡಿಬರಬೇಕಾದವೂ ಅವೇ ಕಣಗಳು ತಾನೇ?

ಹಾಗಾದರೆ ಮಗ ಓದಿದ್ದೇನು? ರಿಸೆಪ್ಟರ್ ತಡೆಯುವ ಔಷಧಿಗಳು ಇರುವುದು ನಿಜ. 2007ರ ಮರವಿರಾಕ್ ಎಚ್‌ಐವಿಗೆ. 2008ರ ಪ್ಲೆರಿಕ್ಸಾಫೋರ್ ಅಸ್ಥಿಮಜ್ಜೆಯಿಂದ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಲು. ಮೊಗಾಮುಲಿಜುಮಾಬ್ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ. ನಿಮ್ಮ ಮನೆಯವರ ಎದೆಗೂ ಇವಕ್ಕೂ ಸಂಬಂಧವಿಲ್ಲ.

ಈಗ ಕೈಗೆ ಸಿಗುವುದು ನೋಡಿ. ಇನ್ಹೇಲರಿನ ಸ್ಟೀರಾಯ್ಡ್ ಆ ಬೆಲ್ಲದ ವಾಸನೆ ಏಳುವುದನ್ನೇ ತಗ್ಗಿಸುತ್ತದೆ, ಒಂದಲ್ಲ, ಹಲವು ವಾಸನೆಗಳನ್ನು. ನೀವು ನಿಲ್ಲಿಸಹೊರಟಿರುವುದು ಅದನ್ನೇ! ಅದರಿಂದಲೂ ಹತೋಟಿಗೆ ಬರದಿದ್ದರೆ, ಇಯೋಸಿನೊಫಿಲ್ ಹೆಚ್ಚಿದ್ದರೆ, ಮೆಪೊಲಿಜುಮಾಬ್, ಬೆನ್ರಲಿಜುಮಾಬ್ ಇಂಜೆಕ್ಷನ್‌ಗಳಿವೆ. ದುಬಾರಿ. ಅದಕ್ಕೂ ಮೊದಲು ಅವರು ಇನ್ಹೇಲರ್ ಎಳೆದುಕೊಳ್ಳುವುದನ್ನು ವೈದ್ಯರೆದುರು ಮಾಡಿ ತೋರಿಸಲಿ. ‘ಯಾವ ಔಷಧಿಗೂ ಬಗ್ಗದ’ ಅಸ್ತಮಾ ಎಂದು ನನ್ನಲ್ಲಿಗೆ ಬಂದ ಎಷ್ಟೋ ಜನರ ಔಷಧಿ ನಾಲಿಗೆಯ ಮೇಲೇ ಉಳಿದಿರುತ್ತಿತ್ತು.

ಪ್ರಶ್ನೆ: ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಅಸ್ತಮಾಕ್ಕೆಂದು ಕೊಡುವ ಮೀನು ನುಂಗಲೇ?

ಮೀನು ಸಾರಿನಲ್ಲಿದ್ದರೆ ಚೆನ್ನ.

ಪ್ರಶ್ನೆ: ಬಾಲ್ಕನಿಯ ಪಾರಿವಾಳಗಳಿಗೆ ದಿನಾ ಕಾಳು ಹಾಕುತ್ತೇನೆ. ಒಣಕೆಮ್ಮಿಗೆ ಅದು ಕಾರಣವೇ?

ಇರಬಹುದು. ಹಿಕ್ಕೆ, ಗರಿಯ ಧೂಳಿಗೆ ಕೆರಳಿ ಶ್ವಾಸಕೋಶ ಗಡುಸಾಗುವ ಕಾಯಿಲೆಯಿದೆ. ಪುಣ್ಯ ಬೇರೆ ಕಡೆ ಸಂಪಾದಿಸಿ, ಬಲೆ ಹಾಕಿಸಿ, ಎದೆ ತೋರಿಸಿಕೊಳ್ಳಿ.

ಪ್ರಶ್ನೆ: ಸ್ಟೀರಾಯ್ಡ್ ಭಯದಿಂದ ಇನ್ಹೇಲರ್ ಬಿಟ್ಟೆ. ಊರಿನಿಂದ ತರಿಸಿದ ಬೇರಿನ ಪುಡಿಯಲ್ಲಿ ಮೂರೇ ದಿನಕ್ಕೆ ದಮ್ಮು ಹೋಯಿತು, ಹಸಿವೂ ಹೆಚ್ಚಿತು. ಮುಖ ಮಾತ್ರ ಊದಿದೆ.

ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಗುಮಾನಿ ನನಗೆ. ಇನ್ಹೇಲರಿನಲ್ಲಿ ಮೈಕ್ರೋಗ್ರಾಂ ಲೆಕ್ಕವಾದರೂ ಇತ್ತು, ಇಲ್ಲಿ ಚಮಚದ ಲೆಕ್ಕ. ಹಾಗೆಂದು ಗಾಬರಿಯಾಗಿ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ. ಪೊಟ್ಟಣ ಹಿಡಿದುಕೊಂಡು ನಾಳೆಯೇ ವೈದ್ಯರ ಬಳಿ ಹೋಗಿ.