ಎಡಗೈಯಲ್ಲಿ ಬರೆದ ಹೋಂವರ್ಕ್

ಅಕ್ಕಾ, ಮಗಳು ಎರಡನೇ ಕ್ಲಾಸು. ದಿನಾ ನಾಲ್ಕು ನೋಟ್‌ಬುಕ್ ಹೋಂವರ್ಕ್. ರಾತ್ರಿ ಒಂಬತ್ತಕ್ಕೆ ಅತ್ತು ಅತ್ತು ಮಲಗುತ್ತಾಳೆ. ಉಳಿದದ್ದನ್ನು ನಾನೇ ಎಡಗೈಯಲ್ಲಿ ಬರೆದು ಮುಗಿಸುತ್ತೇನೆ, ಅವಳದೇ ಅಕ್ಷರ ಅನ್ನಿಸಲಿ ಅಂತ. ಮೊನ್ನೆ ಟೀಚರ್ ಅದಕ್ಕೆ ‘ವೆರಿ ಗುಡ್’ ಹಾಕಿದರು. ಮಗಳು ನನ್ನ ಮುಖ ನೋಡಿ ನಕ್ಕಳು, ನನಗೆ ನಾಚಿಕೆಯಾಯಿತು. ಶಾಲೆಯಲ್ಲಿ ಕೇಳೋಣವೆಂದರೆ ಮನೆಯವರು ‘ಕೂಸಿನ ಮ್ಯಾಲೆ ಸಿಟ್ಟು ತೀರಿಸ್ಕೋತಾರ, ಸುಮ್ನಿರು’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ತಂಗಿ, ಎಡಗೈ ಸುದ್ದಿ ಓದಿ ಮೊದಲು ನಕ್ಕುಬಿಟ್ಟೆ. ಆಮೇಲೆ ಟೀಚರ್ ಜಾಗದಲ್ಲಿ ಕೂತು ನೋಡಿದೆ. ಅವರಿಗೆ ಕಾಣುವುದು ನಾಲ್ಕೂ ನೋಟ್‌ಬುಕ್ ತುಂಬಿಸಿಕೊಂಡು ಬರುವ ಚುರುಕು ಹುಡುಗಿ. ಅಳುವ ಹುಡುಗಿಯನ್ನು ನೀನೇ ಮುಚ್ಚಿಟ್ಟಿದ್ದೀಯ. ಇನ್ನು ಐದನೇ ನೋಟ್‌ಬುಕ್ ಬಂದರೆ ಯಾರನ್ನು ಬೈಯುವುದು?

ನಿನ್ನ ಸಂಕಟ ಸುಳ್ಳಲ್ಲ. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯೇ ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ ಎನ್ನುತ್ತದೆ; ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ತಾಸು. ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿಸ್ ಕೂಪರ್ 2006ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ, ಹೋಂವರ್ಕಿಗೂ ಕಲಿಕೆಗೂ ದೊಡ್ಡ ಮಕ್ಕಳಲ್ಲಿ ಕಂಡ ನಂಟು ಸಣ್ಣವರಲ್ಲಿ ಅಷ್ಟಾಗಿ ಕಾಣಲಿಲ್ಲ. ಆದರೆ ಇದನ್ನೆಲ್ಲ ಪ್ರಿಂಟ್ ತೆಗೆದು ಟೀಚರ್ ಮುಖಕ್ಕೆ ಹಿಡಿಯಬೇಡ. ‘ಹೋಂವರ್ಕ್ ಕೊಡ್ರಿ, ಇಲ್ಲಾಂದ್ರ ಟಿವಿ ಮುಂದ ಕೂಡ್ತಾವ’ ಅಂತ ಅವರಿಗೆ ಗಂಟುಬೀಳುವ ಪಾಲಕರೂ ನಮ್ಮವರೇ.

ಇವತ್ತಿನಿಂದ ಮಗಳನ್ನು ಇಪ್ಪತ್ತು ನಿಮಿಷ ಮಾತ್ರ ಬರೆಯಲು ಕೂಡಿಸು. ಎಲ್ಲಿಗೆ ನಿಂತಳೋ ಅಲ್ಲೊಂದು ಗೆರೆ ಎಳೆದು, ಬಲಗೈಯಲ್ಲಿ, ನಿನ್ನದೇ ಅಕ್ಷರದಲ್ಲಿ ಬರೆ: ‘ಇಪ್ಪತ್ತು ನಿಮಿಷ ಬರೆದಳು, ಇಷ್ಟಾಯಿತು, ನಿದ್ದೆ ಬಂತು.’ ಕೆಳಗೆ ಸಹಿ. ಒಂದು ವಾರ ಹೀಗೇ ನಡೆಯಲಿ. ಆಮೇಲೆ ಮನೆಯವರನ್ನೂ ಕರೆದುಕೊಂಡು, ಶಾಲೆ ಬಿಟ್ಟ ಮೇಲೆ ಟೀಚರ್ ಒಬ್ಬರೇ ಇದ್ದಾಗ ಹೋಗು. ಗೇಟಿನಲ್ಲಿ ನಾಲ್ಕು ಜನರ ಮುಂದೆ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಯಜಮಾನರ ಅಂಜಿಕೆ ಆಗ ನಿಜವಾದೀತು. ‘ಯಾವ ನೋಟ್‌ಬುಕ್ ಬಿಟ್ಟರೆ ನಡೀತದ್ರೀ?’ ಅಂತ ಅವರನ್ನೇ ಕೇಳು. ಬಗ್ಗದಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಹೋಗು, ನೀತಿಯ ಮಾತು ಅಲ್ಲಿ ತೆಗೆ.

ಉಳಿದ ಹೊತ್ತು ಅವಳು ಆಡಲಿ. ನೀನು ರೊಟ್ಟಿ ಬಡಿಯುವಾಗ ಬಂದು ಕೂತರೆ ಬುಟ್ಟಿಯಲ್ಲಿ ಎಷ್ಟಾದವು ಅಂತ ಎಣಿಸಲಿ. ಅದನ್ನೂ ಪರೀಕ್ಷೆ ಮಾಡಿಬಿಡಬೇಡ ಮತ್ತೆ!

ಮಗಳಿಗೆ ಮಾತ್ರ ಇವತ್ತೇ ಹೇಳಿಬಿಡು, ಆ ‘ವೆರಿ ಗುಡ್’ ಬಂದದ್ದು ಅವ್ವನಿಗೆ ಅಂತ.